ಯಳವಿಯ ಮಾಳ: ಹಾಳಾದ ಕಾಡೋ, ಮಳೆ ಬೆಳೆಸಿದ ಹುಲ್ಲುಗಾವಲೋ?

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಚಾಂದೋಲಿಯ ದಟ್ಟ ಅರೆನಿತ್ಯಹರಿದ್ವರ್ಣ ಕಾಡಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 150 ಕಿ.ಮೀ. ಸರಿದರೆ ಸಿಗುವುದು ಯಳವಿ ಎಂಬ ಊರಿರುವ ಜತ್ತ ತಾಲೂಕು. ಇಲ್ಲಿ ಗರಸಿನ ಮಡ್ಡಿ, ಮೋಟು ಹುಲ್ಲು, ನಡುನಡುವೆ ಜಾಲಿ, ಬನ್ನಿ, ಬಾರಿಗಿಡ. ಅರಬ್ಬೀ ಸಮುದ್ರದ ಮೋಡಗಳು ಸಹ್ಯಾದ್ರಿಯ ಮೇಲೇರುವಾಗಲೇ ತಮ್ಮ ನೀರಿನ ಬಹುಪಾಲನ್ನು ಸುರಿದುಬಿಡುತ್ತವೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿ.ಮೀ.ಗೂ ಮಿಕ್ಕಿ ಮಳೆಯಾದರೆ, ಜತ್ತದ ಪಾಲಿಗೆ ಉಳಿಯುವುದು 500 ಮಿ.ಮೀ. ಆಸುಪಾಸು. ಅದರಲ್ಲೂ ದೊಡ್ಡ ಪಾಲು ಮಳೆಗಾಲದ ಕೊನೆಗೆ, ಉತ್ತರಿ ಹಸ್ತದ ಹೊತ್ತಿಗೆ ಬರುತ್ತದೆ. ಎರಿ ನೆಲದಲ್ಲಿ ಹಿಂಗಾರಿ ಬಿಳಿಜೋಳ ನಿಂತಿರುವುದು ಈ ಮಳೆಯ ಮೇಲೆಯೇ.

ಮಳೆಗೂ ಸಸ್ಯರಾಶಿಗೂ ಇರುವ ಈ ನಂಟನ್ನು ವಿಜ್ಞಾನ ಲೆಕ್ಕಕ್ಕಿಳಿಸಿದ ಬಗೆ ಕುತೂಹಲಕರ. ನಿಸರ್ಗ ವಿಜ್ಞಾನಿ ಹಂಬೋಲ್ಟ್ 1807ರಲ್ಲೇ ಸಸ್ಯಗಳ ಭೂಗೋಳದ ಬಗ್ಗೆ ಪ್ರಬಂಧ ಬರೆದ. ವ್ಲಾದಿಮಿರ್ ಕೊಪ್ಪೆನ್ 1900ರಲ್ಲಿ ಸಸ್ಯಗುಂಪುಗಳನ್ನೇ ಆಧಾರವಾಗಿಟ್ಟುಕೊಂಡು ಜಗತ್ತಿನ ಹವಾಗುಣವನ್ನು ವಿಂಗಡಿಸಿದ. ಅವನ ಸೂತ್ರದ ಈಗಿನ ರೂಪವನ್ನು ಜತ್ತಕ್ಕೆ ಹಚ್ಚಿ ನೋಡಬಹುದು. ವಾರ್ಷಿಕ ಸರಾಸರಿ ಉಷ್ಣತೆ 26 ಡಿಗ್ರಿ ಎಂದಿಟ್ಟುಕೊಂಡರೆ, ಮಳೆ ಬೀಳುವ ತಿಂಗಳುಗಳಿಗೆ ಅನುಸಾರವಾಗಿ, ಶುಷ್ಕತೆಯ ಗಡಿ 660ರಿಂದ 800 ಮಿ.ಮೀ. ಆಗುತ್ತದೆ. ಇಲ್ಲಿನ ಮಳೆ ಆ ಗಡಿಗಿಂತ ಕೆಳಗೆ, ಆದರೆ ಅದರ ಅರ್ಧಕ್ಕಿಂತ ಮೇಲೆ. ಅಂದರೆ ಇದು ಮರುಭೂಮಿಯಲ್ಲ, ಬಿಸಿಯಾದ ಅರೆಶುಷ್ಕ ನಾಡು. ಕೊಪ್ಪೆನ್ ಇಂಥ ಹವೆಗೆ ಕೊಟ್ಟ ಹೆಸರು 'ಸ್ಟೆಪ್', ಎಂದರೆ ಹುಲ್ಲುನಾಡು.

ಭಾರತದ ಅರಣ್ಯಶಾಸ್ತ್ರ ಮಾತ್ರ ಬೇರೆ ದಾರಿ ಹಿಡಿಯಿತು. ಎಚ್. ಜಿ. ಚಾಂಪಿಯನ್ 1936ರಲ್ಲಿ ಮಾಡಿದ ವರ್ಗೀಕರಣವನ್ನು ಎಸ್. ಕೆ. ಸೇಠ್ ಅವರೊಡನೆ 1968ರಲ್ಲಿ ಪರಿಷ್ಕರಿಸಿದರು. ಇಂದಿಗೂ ಸರಕಾರಿ ಕಡತಗಳಿಗೆ ಅದೇ ಆಧಾರ. ಅದರ ಪ್ರಕಾರ ದಖ್ಖನ್ನಿನ ಒಣನೆಲ ಮುಳ್ಳುಕಾಡಿನ ಗುಂಪಿಗೆ ಸೇರುತ್ತದೆ. ಮರವಿಲ್ಲದ ಕಡೆ ಕಾಡು ಅವನತಿಗೊಂಡಿದೆ ಎಂಬುದು ಒಳಗಿನ ನಂಬಿಕೆ. ದಾಬಡಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ದೇಶದ ಹುಲ್ಲುಹೊದಿಕೆಯನ್ನೇ ಐದು ಬಗೆಯಾಗಿ ವಿಂಗಡಿಸಿದರೂ ಆ ನಂಬಿಕೆ ಅಲುಗಲಿಲ್ಲ. ಮರ ಎಣಿಸಲೆಂದೇ ಹುಟ್ಟಿದ ಇಲಾಖೆಗೆ ಹುಲ್ಲು ಕೊರತೆಯಾಗಿ ಕಂಡದ್ದರಲ್ಲಿ ಆಶ್ಚರ್ಯವೇನು?

ನನ್ನ ವಾದ ಇದಕ್ಕೆ ವಿರುದ್ಧ: ಈ ಮಾಳ ಹಾಳಾದ ಕಾಡಲ್ಲ, ಮಳೆಯೇ ಬೆಳೆಸಿದ ಹುಲ್ಲುಗಾವಲು. ಮಹೇಶ್ ಶಂಕರನ್ ಮತ್ತು ಸಂಗಡಿಗರು ಆಫ್ರಿಕದ 854 ತಾಣಗಳ ಮಾಹಿತಿ ಒಟ್ಟುಗೂಡಿಸಿ 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದು ಇದು: ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆಯಾಗುವಲ್ಲಿ ಮರಗಳು ದಟ್ಟೈಸದಂತೆ ನೀರಿನ ಅಭಾವವೇ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಮಳೆಯಿದ್ದಲ್ಲಿ ಹುಲ್ಲು ಉಳಿಯಲು ಬೆಂಕಿ, ಮೇಯುವ ಪ್ರಾಣಿಗಳಂಥ ಅಡೆತಡೆ ಬೇಕು. ಆಫ್ರಿಕದ ಅಳತೆಯನ್ನು ಹಾಗೆಯೇ ಇಲ್ಲಿಗೆ ತರುವಂತಿಲ್ಲ, ನಿಜ. ಎರಿಯ ಆಳವೂ ಮಡ್ಡಿಯ ತೆಳುವಾದ ಗರಸೂ ಒಂದೇ ಮಳೆಯನ್ನು ಎರಡು ರೀತಿಯಲ್ಲಿ ಹಿಡಿದಿಡುತ್ತವೆ. ಆದರೂ 500 ಮಿ.ಮೀ. ಮಳೆಯ ಮಡ್ಡಿಯಲ್ಲಿ ಚಾಂದೋಲಿಯನ್ನು ನಿರೀಕ್ಷಿಸುವುದು ತಪ್ಪು.

ಸಾಹಿತ್ಯದ ಸಾಕ್ಷ್ಯವೂ ಇದೆ. ಆಶಿಷ್ ನೇರ್ಲೇಕರ್ ಅವರು ಸಹಲೇಖಕರೊಂದಿಗೆ 2025ರಲ್ಲಿ ಪ್ರಕಟಿಸಿದ ಅಧ್ಯಯನ ಮರಾಠಿಯ ಹಳೆಯ ಕೃತಿಗಳಲ್ಲಿ, ಓವಿ ಹಾಡುಗಳಲ್ಲಿ ಬರುವ ಗಿಡಮರಗಳನ್ನು ಹುಡುಕಿ, ಈ ಭಾಗ ಶತಮಾನಗಳಿಂದಲೂ ಸವನ್ನಾ (ಅಲ್ಲಲ್ಲಿ ಮರಗಳಿರುವ ಹುಲ್ಲುನಾಡು) ಎಂದು ತೋರಿಸಿದೆ. ಅಂದಮೇಲೆ ಬ್ರಿಟಿಷರ ಕಾಲದ ಮರಕಡಿತವೇ ಈ ಮಾಳಕ್ಕೆ ಕಾರಣ ಎನ್ನುವುದು ನಿಲ್ಲದ ಮಾತು. ಇದೇ ತಾಲೂಕಿನ ಮಾಡಗ್ಯಾಳದ ಹೆಸರು ಹೊತ್ತ ಕುರಿತಳಿ, ಒಂದು ಕಾಲಕ್ಕೆ ದಖ್ಖನ್ನಿನ ಬಯಲಲ್ಲಿ ಓಡಾಡಿಕೊಂಡಿದ್ದ ಎರಲಡ್ಡು ಹಕ್ಕಿ, ಚಿಗರಿ, ತೋಳ ಎಲ್ಲವೂ ತೆರೆದ ನೆಲದ ಜೀವಗಳೇ.

ಈಗ ಮಳೆಯ ಹಿಡಿತ ಸಡಿಲುತ್ತಿದೆ. ಮ್ಹೈಸಾಳ ಏತ ನೀರಾವರಿ ಯೋಜನೆ ಕೃಷ್ಣೆಯ ನೀರನ್ನು ಪೂರ್ವದ ಬರನಾಡಿಗೆ ಎತ್ತಿ ತರುತ್ತದೆ. ನೀರು ಸಿಕ್ಕಲ್ಲಿ ದ್ರಾಕ್ಷಿ, ದಾಳಿಂಬೆ ತೋಟಗಳು ಏಳುತ್ತವೆ. ಬರವುಂಡ ರೈತ ನೀರು ಕೇಳುವುದು ನ್ಯಾಯ. ಆದರೆ ಮಹಾರಾಷ್ಟ್ರ ಸರಕಾರ 2017ರಿಂದ 2019ರವರೆಗೆ ಹಾಕಿಕೊಂಡ 50 ಕೋಟಿ ಸಸಿಗಳಂಥ ಗುರಿಗಳು ಗಾಯರಾಣವನ್ನು, ಎಂದರೆ ಊರಿನ ಗೋಮಾಳವನ್ನು, ಖಾಲಿ ಜಾಗವೆಂದು ಬಗೆಯುವಂತೆ ಮಾಡುತ್ತವೆ. ಯಳವಿಯಂಥ ಊರುಗಳಲ್ಲಿ ಗುಂಡಿ ತೋಡುವ ಮುನ್ನ ಗ್ರಾಮಸಭೆ ಅಲ್ಲಿ ಬೆಳೆಯುವ ಹುಲ್ಲಿನ ಜಾತಿಗಳನ್ನು ಕುರಿ ಕಾಯುವವರ ನೆರವಿನಿಂದ ದಾಖಲಿಸಿಕೊಳ್ಳಬೇಕು. ಆ ದಾಖಲೆ ಇಲ್ಲದೆ ಯಾವ ಮಾಳದಲ್ಲೂ ಸಸಿ ನೆಡಲು ಅನುಮತಿ ಕೊಡಬಾರದು.