ಮಂಡಿ ಮುಚ್ಚಬೇಕಾ, ಬೇಡವಾ? ಸಾಂಕ್ರಾಮಿಕದ ಗಣಿತ ಮಾದರಿಯನ್ನು ಕೋಲಾರದಿಂದ ನೋಡಿದರೆ

ಸಾಂಕ್ರಾಮಿಕ ಬಂದಾಗಲೆಲ್ಲ 'ಗಣಿತ ಮಾದರಿ' ಅನ್ನೋ ಮಾತು ಟಿವಿಯಲ್ಲಿ ಪಂಚಾಂಗದ ಥರ ಕೇಳಿಸುತ್ತೆ: ಇಂಥ ತಿಂಗಳು ಉತ್ತುಂಗ, ಇಷ್ಟು ಲಕ್ಷ ಕೇಸು, ಆಮೇಲೆ ಇಳಿಕೆ. ನಿಜ ಹೇಳಬೇಕೆಂದರೆ ಮಾದರಿಗಳು ಅತಿ ಹೆಚ್ಚು ಎಡವೋದೇ ಈ ಕೆಲಸದಲ್ಲಿ. ಅವುಗಳ ಅಸಲಿ ಉಪಯೋಗ ಬೇರೆ. ಒಂದು ಕ್ರಮ ತಗೊಂಡರೆ ಏನಾಗಬಹುದು, ತಗೊಳ್ಳದಿದ್ದರೆ ಏನಾಗಬಹುದು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು. ಕೋಲಾರ ಸೀಮೆಯವನಾದ ನನಗೆ ಇದು ಬರೀ ಪುಸ್ತಕದ ವಿಷಯ ಅಲ್ಲ. ಇಲ್ಲಿ ಮಂಡಿ ನಾಲ್ಕು ದಿನ ಮುಚ್ಚಿದರೆ ಕಿತ್ತ ಟೊಮೆಟೊ ರಸ್ತೆ ಬದಿಗೆ ಬೀಳುತ್ತೆ. ತೆರೆದೇ ಇಟ್ಟರೆ ಹಮಾಲಿಯ ಮನೆಯ ಮುದುಕರಿಗೆ ಸೋಂಕು ತಗಲಬಹುದು.

ಈ ಗಣಿತದ ಬೇರು ನಮಗೆ ದೂರದ್ದೇನಲ್ಲ. ಕಾಲರಾ ಹತೋಟಿಗೆಂದು 1895ರಲ್ಲಿ ಬೆಂಗಳೂರಿಗೆ ಬಂದಿದ್ದ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. ಸೊಳ್ಳೆಗಳನ್ನು ಪೂರ್ತಿ ನಾಶ ಮಾಡಬೇಕಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ತಂದರೆ ಸಾಕು ಎಂದು ಆಮೇಲೆ ಸಮೀಕರಣಗಳ ಮೂಲಕ ವಾದಿಸಿದವರೂ ಅವರೇ. ಕರ್ಮಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಪ್ರಕಟಿಸಿದ ಮಾದರಿ ಇವತ್ತಿಗೂ ಎಲ್ಲಾ ಲೆಕ್ಕಗಳ ತಾಯಿಬೇರು. ಅದನ್ನು ಅವರು ಹೋಲಿಸಿ ನೋಡಿದ್ದು 1905–06ರ ಬಾಂಬೆ ಪ್ಲೇಗಿನ ಸಾವಿನ ಅಂಕಿಗಳ ಜೊತೆ.

ಅದರ ಸಾರ ಸರಳ. ಜನರಲ್ಲಿ ಮೂರು ಗುಂಪು: ಸೋಂಕು ತಗಲಬಹುದಾದವರು, ಈಗ ಸೋಂಕು ಇರುವವರು, ಗುಣವಾಗಿ ಅಥವಾ ಸತ್ತು ಹೊರಹೋದವರು. ಮೊದಲ ಗುಂಪಿನಿಂದ ಎರಡನೆಯದಕ್ಕೆ ಎಷ್ಟು ವೇಗವಾಗಿ ಸರಿಯುತ್ತಾರೆ ಅನ್ನೋದೇ ಪ್ರಶ್ನೆ. ಒಬ್ಬ ಸೋಂಕಿತನಿಂದ ಸರಾಸರಿ ಎಷ್ಟು ಮಂದಿಗೆ ಹರಡುತ್ತೆ ಎಂಬ ಸಂಖ್ಯೆಗೆ 'ಆರ್' ಅಂತಾರೆ. ಅದು ಒಂದಕ್ಕಿಂತ ಹೆಚ್ಚಿದ್ದರೆ ರೋಗ ಬೆಳೆಯುತ್ತೆ, ಕಡಿಮೆಯಿದ್ದರೆ ಕರಗುತ್ತೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ತಾಲ್ಲೂಕಿನಲ್ಲಿ ಐವರು ಸೋಂಕಿತರು, ಆರ್ 2, ಒಂದು ಸುತ್ತಿಗೆ ಐದು ದಿನ. ಮೂರು ಸುತ್ತಿಗೆ 10, 20, 40. ಆಗ ಕ್ರಮ ತಗೊಂಡು ಆರ್ ಅನ್ನು 0.8ಕ್ಕೆ ಇಳಿಸಿದರೆ, ರೋಗ ಆರುವ ಹೊತ್ತಿಗೆ ಒಟ್ಟು ಸುಮಾರು 235 ಮಂದಿಗೆ ಸೋಂಕು. ಅದೇ ಕ್ರಮವನ್ನು ಎರಡು ಸುತ್ತು, ಅಂದರೆ ಹತ್ತೇ ದಿನ, ತಡ ಮಾಡಿದರೆ ಒಟ್ಟು 955. ಕ್ರಮ ಅದೇ, ಖರ್ಚೂ ಅದೇ, ಫಲ ನಾಲ್ಕು ಪಟ್ಟು ಕೆಟ್ಟದ್ದು. ಯಾವ ಅಧಿಕಾರಿಯ ಅಂದಾಜಿಗೂ ಇದು ಬರಿಗಣ್ಣಿಗೆ ಕಾಣಲ್ಲ. ಐದು ಕೇಸು ಇರುವಾಗ ಎಲ್ಲಾ ಶಾಂತವಾಗೇ ಕಾಣುತ್ತೆ.

2020ರ ವಸಂತದಲ್ಲಿ ಕೋಲಾರ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೇ ಎರಡನೇ ವಾರದಲ್ಲಿ ಮೊದಲ ಕೋವಿಡ್ ಪ್ರಕರಣಗಳು ಕಂಡದ್ದು ಮುಳಬಾಗಿಲು ತಾಲ್ಲೂಕಿನಲ್ಲಿ. ನಕ್ಷೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಚೆನ್ನೈ ಹೆದ್ದಾರಿ ನಂಗಲಿ ದಾಟಿ ಆಂಧ್ರಕ್ಕೆ ಹೋಗೋದು ಅಲ್ಲಿಂದಲೇ. ನೆಂಟಸ್ತಿಕೆಗೂ ವ್ಯಾಪಾರಕ್ಕೂ ಅಲ್ಲಿ ಗಡಿ ಅನ್ನೋದೇ ಇಲ್ಲ.

ಇಲ್ಲೇ 'ಇಡೀ ಜಿಲ್ಲೆಗೆ ಒಂದೇ ಆರ್' ಎಂಬ ಲೆಕ್ಕ ಕೈಕೊಡುತ್ತೆ. ಮಾಲೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಬಹಳ, ಜೊತೆಗೆ ಅಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಕೋಲಾರದ ಎಪಿಎಂಸಿಗೆ ಟೊಮೆಟೊ ಒಯ್ಯಲು ಉತ್ತರ ಭಾರತದ ಲಾರಿಗಳೂ ಬರುತ್ತವೆ. ಶ್ರೀನಿವಾಸಪುರದಲ್ಲಿ ವರ್ಷದ ಬಹುಪಾಲು ಸಂಪರ್ಕ ಕಡಿಮೆ, ಮಾವಿನ ಸುಗ್ಗಿ ಬಂತೆಂದರೆ ಮಂಡಿಗಳ ಮುಂದೆ ಜಾತ್ರೆ. ಮಾಲೂರಿಗೆ ಮುಖ್ಯವಾಗೋದು ಬೆಂಗಳೂರಿನ ಸ್ಥಿತಿ. ಶ್ರೀನಿವಾಸಪುರಕ್ಕೆ ಮುಖ್ಯವಾಗೋದು ತಿಂಗಳು. ಹಳ್ಳಿಯ ಬೀದಿಗೆ ಬೇಲಿ ಹಾಕಿ ಸೀಲ್‌ಡೌನ್ ಮಾಡೋದಕ್ಕಿಂತ, ಮಂಡಿಯ ಹರಾಜನ್ನು ಎರಡು ಪಾಳಿಗೆ ಒಡೆದು, ಹಮಾಲಿಗಳಿಗೆ ವಾರಕ್ಕೊಮ್ಮೆ ಪರೀಕ್ಷೆ ಮಾಡಿದರೆ ಹೆಚ್ಚು ಫಲ ಸಿಗುತ್ತಾ? ಮಾದರಿಗೆ ಹಾಕಬೇಕಾದ ಪ್ರಶ್ನೆ ಇಂಥದ್ದು.

ಇಂಥ ಪ್ರಶ್ನೆ ಕೇಳೋ ವಿಧಾನ ಇಲ್ಲವೇ ಅಂದರೆ, ಇದೆ. 2020ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈನ ಟಿಐಎಫ್‌ಆರ್ ಸಂಶೋಧಕರು ಎರಡೂ ನಗರಗಳ ಜನರನ್ನು ಕಂಪ್ಯೂಟರಿನೊಳಗೆ ಒಬ್ಬೊಬ್ಬರನ್ನಾಗಿ ಸೃಷ್ಟಿಸಿದರು. ಪ್ರತಿಯೊಬ್ಬರಿಗೂ ಮನೆ, ಕಚೇರಿ ಅಥವಾ ಶಾಲೆ, ಪ್ರಯಾಣ. ಮನೆಯಲ್ಲೇ ಪ್ರತ್ಯೇಕವಾಗಿಟ್ಟರೆ, ಶಾಲೆ ಮುಚ್ಚಿದರೆ, ಅರ್ಧ ಜನ ನಿಯಮ ಪಾಲಿಸದಿದ್ದರೆ ಏನಾಗುತ್ತೆ ಎಂದು ಅದರಲ್ಲಿ ಓಡಿಸಿ ನೋಡಬಹುದು. ಮಹಾನಗರಗಳಿಗೆ ಸಿಕ್ಕ ಈ ಭಾಗ್ಯ ತಾಲ್ಲೂಕುಗಳಿಗೂ ಸಿಗಬೇಕು ಅನ್ನೋದು ನನ್ನ ತಕರಾರು.

ಹಾಗಂತ ಮಾದರಿ ಕೊಟ್ಟ ಅಂಕಕ್ಕೆಲ್ಲ ತಲೆಯಾಡಿಸಬೇಕಿಲ್ಲ. 2020ರ ಜೂನಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲಂಡನ್ ಇಂಪೀರಿಯಲ್ ಕಾಲೇಜಿನ ಲೆಕ್ಕ, ಸರ್ಕಾರಿ ಕ್ರಮಗಳಿಂದ 11 ಯುರೋಪಿಯನ್ ದೇಶಗಳಲ್ಲಿ ಸುಮಾರು 30 ಲಕ್ಷ ಸಾವು ತಪ್ಪಿತು ಎಂದಿತು. ಬಂದ ಟೀಕೆ ಗಟ್ಟಿಯಾಗೇ ಇತ್ತು. ಜನ ತಾವಾಗೇ ಹೆದರಿ ಮನೆಯಲ್ಲಿ ಉಳಿದದ್ದರ ಫಲವೂ ಸರ್ಕಾರಿ ಆದೇಶದ ಖಾತೆಗೆ ಜಮಾ ಆಗಿಬಿಡುತ್ತೆ ಅಂತ. ನಮ್ಮಲ್ಲೂ ಅಷ್ಟೇ. ಊರಲ್ಲೊಂದು ಸಾವಾದ ಕೂಡಲೇ ಸಂತೆ ಖಾಲಿಯಾಗುತ್ತೆ, ಡಿಸಿ ಆದೇಶಕ್ಕೆ ಯಾರೂ ಕಾಯಲ್ಲ.

ಇನ್ನು ಮಾದರಿಗೆ ಹಾಕುವ ಅಂಕಿಗಳ ಕಥೆ. 2021ರ ಜೂನ್ 14ರಿಂದ ರಾಜ್ಯದ 19 ಜಿಲ್ಲೆಗಳಲ್ಲಿ ಲಾಕ್‌ಡೌನ್ ಸಡಿಲಿಸಿ 11ರಲ್ಲಿ ಮುಂದುವರಿಸಿದರು. ಕೋಲಾರ ಸಡಿಲಿಸಿದ ಪಟ್ಟಿಯಲ್ಲಿತ್ತು. ಅಳತೆಗೋಲು ಪಾಸಿಟಿವಿಟಿ ದರ. ಆದರೆ ಕೆಮ್ಮು ಇರುವವರನ್ನೇ ಪರೀಕ್ಷಿಸಿದರೆ ಆ ದರ ಏರುತ್ತೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಪರೀಕ್ಷಿಸಿದರೆ ಇಳಿಯುತ್ತೆ. ರೋಗ ಅಷ್ಟೇ ಇರುತ್ತೆ.

ಅದಕ್ಕೇ ಸೆರೋ ಸಮೀಕ್ಷೆ ಬೇಕಾಗೋದು. 2020ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಎಲ್ಲಾ ಜಿಲ್ಲೆಗಳಲ್ಲಿ ರಕ್ತದ ಮಾದರಿ ತೆಗೆದು ನೋಡಿದಾಗ, 7.07 ಕೋಟಿ ಜನರಲ್ಲಿ 1.93 ಕೋಟಿ, ಅಂದರೆ ಶೇ 27.3 ಮಂದಿಗೆ ಆಗಲೇ ಸೋಂಕು ತಗಲಿತ್ತು ಎಂಬ ಅಂದಾಜು ಸಿಕ್ಕಿತು. ದಾಖಲಾದ ಒಂದು ಕೇಸಿನ ಹಿಂದೆ ಸುಮಾರು 40 ಸೋಂಕು! ಇನ್ನೊಂದು ಸಂಶೋಧಕರ ತಂಡ ಅದಕ್ಕೂ ಮೊದಲೇ, ಜೂನ್‌ನಿಂದ ಆಗಸ್ಟ್‌ವರೆಗೆ, ಮಾಡಿದ ಸಮೀಕ್ಷೆಯಲ್ಲಿ ಗ್ರಾಮೀಣ ಕರ್ನಾಟಕದ ಅಂದಾಜೇ ಶೇ 44 ಬಂತು. ಒಂದೇ ರಾಜ್ಯ, ಇಷ್ಟು ಅಂತರ. ಯಾವುದನ್ನು ಹಾಕುತ್ತೀರೋ ಅದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಲ್ಲುತ್ತೆ. ಕೇಂದ್ರ ಸರ್ಕಾರ ನೇಮಿಸಿದ 'ಸೂಪರ್ ಮಾಡೆಲ್' ಸಮಿತಿ 2020ರ ಅಕ್ಟೋಬರಿನಲ್ಲಿ, ಮುಂದಿನ ಫೆಬ್ರವರಿ ಹೊತ್ತಿಗೆ ರೋಗ ಬಹುತೇಕ ಮುಗಿಯುತ್ತೆ ಅಂದಿತ್ತು. 2021ರ ಮೇನಲ್ಲಿ ದೇಶದಲ್ಲಿ ದಿನಕ್ಕೆ ನಾಲ್ಕು ಲಕ್ಷ ಕೇಸು.

ಆದ್ದರಿಂದ ಯಾರಾದರೂ ಮುಂದೆ ಮಾದರಿಯೊಂದರ ಅಂಕಿ ಹಿಡಿದು ಬಂದರೆ ನಾನು ಕೇಳೋದು ಇಷ್ಟು. ಯಾವುದಕ್ಕೆ ಹೋಲಿಸಿ ಈ ಲೆಕ್ಕ? ಜನ ತಾವಾಗಿ ಬದಲಾಗೋದನ್ನು ಸೇರಿಸಿದ್ದೀರಾ? ಅನಿಶ್ಚಿತತೆ ಎಷ್ಟು? ಎದುರು ಕಾಲಮ್ಮಿನಲ್ಲಿ ನಷ್ಟ ಬರೆದಿದ್ದೀರಾ? ಸುರಿದ ಟೊಮೆಟೊ ಬಾಕ್ಸು, ಹಮಾಲಿಯ ಕಳೆದುಹೋದ ಕೂಲಿ, ಆನ್‌ಲೈನ್ ಪಾಠಕ್ಕೆ ಮೊಬೈಲ್ ಇಲ್ಲದ ಮಗುವಿನ ವರ್ಷ, ಇವಕ್ಕೂ ಅಂಕಿ ಇದೆ. ಮಂಡಿಗೆ ದಿನಕ್ಕೆ ಎಷ್ಟು ಲಾರಿ ಬರುತ್ತೆ ಅನ್ನೋದು ಎಪಿಎಂಸಿ ಗೇಟಿನ ಪುಸ್ತಕದಲ್ಲೇ ಸಿಗುತ್ತೆ, ಮಾಲೂರಿನ ರೈಲು ಟಿಕೆಟಿನ ಲೆಕ್ಕ ರೈಲ್ವೆಯಲ್ಲಿದೆ, ಯಾವ ಮನೆಯಲ್ಲಿ ಎಷ್ಟು ವಯಸ್ಸಾದವರು ಅನ್ನೋದು ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಈ ಮೂರನ್ನೂ ಒಂದೇ ಮೇಜಿನ ಮೇಲೆ ಇಡೋಕೆ ಮುಂದಿನ ಸಾಂಕ್ರಾಮಿಕದವರೆಗೆ ಕಾಯೋ ಅಗತ್ಯ ಇಲ್ಲ.