ಧರ್ಮಾಧ್ಯಕ್ಷರಿಲ್ಲದ ಪ್ರಧಾನಾಲಯ: ಡಂಕೆಲ್ಡ್

ಪ್ರಧಾನಾಲಯವೆಂದರೆ ಧರ್ಮಾಧ್ಯಕ್ಷರ ಪೀಠವಿರುವ ದೇವಾಲಯ ಎಂದೇ ನಾವು ತಿಳಿಯುತ್ತೇವೆ. ಸ್ಕಾಟ್ಲೆಂಡಿನ ಟೇ ನದಿಯ ದಡದ ಪುಟ್ಟ ಪೇಟೆ ಡಂಕೆಲ್ಡ್‌ನಲ್ಲಿ ಹೆಸರು ಉಳಿದಿದೆ, ಪೀಠವಿಲ್ಲ. 9ನೇ ಶತಮಾನದಲ್ಲಿ ಸಂತ ಕೊಲಂಬಾರ ಪವಿತ್ರ ಅವಶೇಷಗಳು ಇಲ್ಲಿಗೆ ಬಂದವು. 1260ರಿಂದ 1501ರವರೆಗೆ ಕಟ್ಟಿದ ಪ್ರಧಾನಾಲಯದ ಛಾವಣಿಯನ್ನು 1560ರ ಪ್ರೊಟೆಸ್ಟೆಂಟ್ ಸುಧಾರಣೆಯ ವೇಳೆ ಕಿತ್ತರು. ಜನ ಕೂರುತ್ತಿದ್ದ ಭಾಗ ಇಂದಿಗೂ ಬಯಲು. ಬಲಿಪೀಠವಿದ್ದ ಭಾಗದಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನವರು ಆರಾಧಿಸುತ್ತಾರೆ. ಅವರಲ್ಲಿ ಧರ್ಮಾಧ್ಯಕ್ಷರೇ ಇಲ್ಲ!

1689ರ ಕಾಳಗದಲ್ಲಿ ಊರು ಸುಟ್ಟು ಮೂರೇ ಮನೆಗಳು ಉಳಿದವಂತೆ. ಆಮೇಲೆ ಕಟ್ಟಿದ ಸಾಲುಮನೆಗಳನ್ನು 1950ರ ದಶಕದಲ್ಲಿ ದುರಸ್ತಿ ಮಾಡಲಾಯಿತು. ಅವು ಬರೀ ನೋಟಕ್ಕಲ್ಲ, ಜನ ಅಲ್ಲಿ ಸಂಸಾರ ಹೂಡಿದ್ದಾರೆ.

1878ರಲ್ಲಿ ಕಥೋಲಿಕ ಡಂಕೆಲ್ಡ್ ಧರ್ಮಪ್ರಾಂತ್ಯ ಮರುಸ್ಥಾಪನೆಯಾಯಿತು. ಅದರ ಧರ್ಮಾಧ್ಯಕ್ಷರ ಪೀಠ ಮಾತ್ರ ಡಂಡೀ ನಗರದ ಸಂತ ಅಂದ್ರೇಯರ ಪ್ರಧಾನಾಲಯದಲ್ಲಿದೆ.