ರೋಬಾಟ್ ನೆರವಿನ ಕೀಲು ಬದಲಿ ಶಸ್ತ್ರಚಿಕಿತ್ಸೆ

ರೋಬಾಟ್ ನೆರವಿನ ಕೀಲು ಬದಲಿ ಶಸ್ತ್ರಚಿಕಿತ್ಸೆ ಎಂಬುದು ಸವೆದ ಮಂಡಿ ಅಥವಾ ಸೊಂಟದ ಕೀಲನ್ನು ತೆಗೆದು ಕೃತಕ ಕೀಲನ್ನು ಜೋಡಿಸುವಾಗ, ಮೂಳೆಯನ್ನು ಕತ್ತರಿಸುವ ಮತ್ತು ಕೀಲನ್ನು ಕೂರಿಸುವ ಹಂತಗಳಲ್ಲಿ ಗಣಕ ನಿಯಂತ್ರಿತ ಯಂತ್ರದ ನೆರವು ಪಡೆಯುವ ವಿಧಾನ. ಇಂದು ಬಳಕೆಯಲ್ಲಿರುವ ಹೆಚ್ಚಿನ ವ್ಯವಸ್ಥೆಗಳಲ್ಲಿ ಯಂತ್ರವು ತಾನೇ ಶಸ್ತ್ರಚಿಕಿತ್ಸೆ ನಡೆಸುವುದಿಲ್ಲ. ಉಪಕರಣವು ವೈದ್ಯರ ಕೈಯಲ್ಲಿಯೇ ಇರುತ್ತದೆ.

ಹಿನ್ನೆಲೆ

ಅಸ್ಥಿಸಂಧಿವಾತದಲ್ಲಿ ಕೀಲಿನ ಮೃದ್ವಸ್ಥಿ ಸವೆದು ನೋವು ಮತ್ತು ಬಿಗಿತ ಉಂಟಾಗುತ್ತವೆ. ಔಷಧ, ವ್ಯಾಯಾಮಗಳಿಂದ ಉಪಶಮನ ದೊರೆಯದಿದ್ದಾಗ ಕೀಲು ಬದಲಿಯನ್ನು ಸೂಚಿಸಲಾಗುತ್ತದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1960ರ ದಶಕದಲ್ಲಿ ಸೊಂಟದ ಕೀಲು ಬದಲಿಯ ಆಧುನಿಕ ರೂಪವನ್ನು ನೆಲೆಗೊಳಿಸಿದರು. ಕೃತಕ ಕೀಲು ಓರೆಯಾಗಿ ಕೂತರೆ ಬೇಗ ಸವೆಯಬಹುದು, ಸಡಿಲಗೊಳ್ಳಬಹುದು. ಸೊಂಟದಲ್ಲಾದರೆ ಕೀಲು ಜಾರಬಹುದು ಅಥವಾ ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಉಂಟಾಗಬಹುದು. ಈ ತಪ್ಪನ್ನು ಕಡಿಮೆ ಮಾಡುವುದೇ ರೋಬಾಟ್ ಬಳಕೆಯ ಮೂಲ ಉದ್ದೇಶ.

ಇತಿಹಾಸ

ಐಬಿಎಂ ಸಂಸ್ಥೆ ಹಾಗೂ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದಲ್ಲಿ 'ರೋಬೋಡಾಕ್' ಯಂತ್ರದ ಕೆಲಸವನ್ನು ಆರಂಭಿಸಿದರು. ಪಶುವೈದ್ಯ ಹೊವಾರ್ಡ್ ಪಾಲ್ ಮತ್ತು ಅಸ್ಥಿಶಸ್ತ್ರವೈದ್ಯ ವಿಲಿಯಂ ಬಾರ್ಗರ್ ಇದರ ಪ್ರಮುಖರು. ಯಂತ್ರವನ್ನು 1990ರಲ್ಲಿ ಮೊದಲು ನಾಯಿಗಳ ಮೇಲೆ ಪ್ರಯೋಗಿಸಿ, 1992ರಲ್ಲಿ ಸ್ಯಾಕ್ರಮೆಂಟೊ ನಗರದಲ್ಲಿ ಮನುಷ್ಯರ ಸೊಂಟದ ಶಸ್ತ್ರಚಿಕಿತ್ಸೆಗೆ ಬಳಸಲಾಯಿತು.

1990ರ ದಶಕದ ಮಧ್ಯಭಾಗದಿಂದ ಜರ್ಮನಿಯ ಅನೇಕ ಆಸ್ಪತ್ರೆಗಳು ಇದನ್ನು ಅಳವಡಿಸಿಕೊಂಡವು. ಆದರೆ ಶಸ್ತ್ರಚಿಕಿತ್ಸೆಯ ಅವಧಿ ಹೆಚ್ಚಿತು. ಸ್ನಾಯುಗಳಿಗೆ ಹಾನಿಯಾಯಿತೆಂದು ಹಲವು ರೋಗಿಗಳು ನ್ಯಾಯಾಲಯದ ಮೊರೆಹೋದರು. 2003ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಮೂಳೆ ಕೊರೆಯುವಿಕೆ ನಿಖರವಾಗಿದ್ದರೂ ಕೀಲು ಜಾರುವ ಪ್ರಕರಣಗಳು ರೋಬಾಟ್ ಗುಂಪಿನಲ್ಲಿಯೇ ಹೆಚ್ಚಾಗಿ ಕಂಡುಬಂದವು. ಅಲ್ಲಿ ಯಂತ್ರದ ಬಳಕೆ ಕ್ರಮೇಣ ನಿಂತುಹೋಯಿತು. ಮುಂದೆ, ವೈದ್ಯರ ಕೈಯನ್ನು ಬದಲಿಸುವ ಬದಲು ಅದಕ್ಕೆ ಮಿತಿ ಹಾಕುವ ಯಂತ್ರಗಳು ಮುನ್ನೆಲೆಗೆ ಬಂದವು. ಅವುಗಳಲ್ಲೊಂದಾದ 'ಮೇಕೋ'ದ ತಯಾರಕ ಸಂಸ್ಥೆಯನ್ನು ಸ್ಟ್ರೈಕರ್ ಕಂಪನಿ 2013ರಲ್ಲಿ ಖರೀದಿಸಿತು.

ವಿಧಗಳು

* ಸಕ್ರಿಯ: ಪೂರ್ವಯೋಜನೆಯಂತೆ ಯಂತ್ರವೇ ಮೂಳೆಯನ್ನು ಕೊರೆಯುತ್ತದೆ, ವೈದ್ಯರು ಯಾವಾಗ ಬೇಕಾದರೂ ನಿಲ್ಲಿಸಬಹುದು. ಉದಾ: ರೋಬೋಡಾಕ್.
* ಅರೆಸಕ್ರಿಯ: ವೈದ್ಯರು ಉಪಕರಣವನ್ನು ನಡೆಸುತ್ತಾರೆ, ನಿಗದಿತ ಗಡಿ ದಾಟಲು ಯಂತ್ರವು ಬಿಡುವುದಿಲ್ಲ. ಉದಾ: ಮೇಕೋ.
* ನಿಷ್ಕ್ರಿಯ: ಯಂತ್ರವು ಅಳತೆ ಮತ್ತು ದಿಕ್ಕನ್ನಷ್ಟೇ ತೋರಿಸುತ್ತದೆ.

ಕಾರ್ಯವಿಧಾನ

ಕೆಲವು ವ್ಯವಸ್ಥೆಗಳಲ್ಲಿ ಮುಂಚಿತವಾಗಿ ತೆಗೆದ ಸಿ.ಟಿ. ಸ್ಕ್ಯಾನ್‌ನಿಂದ ಮೂಳೆಯ ಮೂರು ಆಯಾಮದ ಮಾದರಿ ಸಿದ್ಧವಾಗುತ್ತದೆ. ಇನ್ನು ಕೆಲವದರಲ್ಲಿ ಶಸ್ತ್ರಚಿಕಿತ್ಸೆಯ ವೇಳೆಯೇ ಮೂಳೆಯ ಮೇಲ್ಮೈಯನ್ನು ಮುಟ್ಟಿ ಗುರುತಿಸಲಾಗುತ್ತದೆ. ಮಂಡಿಯ ಶಸ್ತ್ರಚಿಕಿತ್ಸೆಯಲ್ಲಿ ತೊಡೆಯ ಮತ್ತು ಕೆಳಗಾಲಿನ ಮೂಳೆಗಳಿಗೆ ಪಿನ್ನುಗಳ ಮೂಲಕ ಗುರುತುಗಳನ್ನು ಜೋಡಿಸಲಾಗುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾ ಅವುಗಳ ಚಲನೆಯನ್ನು ಗಮನಿಸುತ್ತಿರುತ್ತದೆ. ಕಾಲನ್ನು ಮಡಿಸಿ, ನೀಡಿ ಅಸ್ಥಿರಜ್ಜುಗಳ ಬಿಗಿತವನ್ನು ಅಳೆದ ಬಳಿಕ ವೈದ್ಯರು ಯೋಜನೆಯನ್ನು ತಿದ್ದಿ, ಮೂಳೆ ಕತ್ತರಿಸಿ ಕೃತಕ ಕೀಲನ್ನು ಕೂರಿಸುತ್ತಾರೆ. ಸೊಂಟದಲ್ಲಿ ಕೃತಕ ಬಟ್ಟಲಿನ ಕೋನ ಹಾಗೂ ಕಾಲಿನ ಉದ್ದ ಮುಖ್ಯ ಅಳತೆಗಳಾಗಿವೆ.

ಪ್ರಯೋಜನ ಮತ್ತು ಮಿತಿಗಳು

ಕೃತಕ ಕೀಲು ಯೋಜಿತ ಸ್ಥಾನದಲ್ಲಿ ಕೂರುವ ನಿಖರತೆ ಹೆಚ್ಚುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಈ ನಿಖರತೆಯಿಂದ ರೋಗಿಯ ನೋವು, ನಡಿಗೆ ಅಥವಾ ಕೀಲಿನ ಬಾಳಿಕೆ ಸುಧಾರಿಸುತ್ತದೆಯೇ ಎಂಬುದು ಚರ್ಚೆಯ ವಿಷಯ. ರೋಬೋಡಾಕ್ ಬಳಸಿ ದಕ್ಷಿಣ ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಮಂಡಿ ಬದಲಿಯ ಅಧ್ಯಯನವು, ಕನಿಷ್ಠ 10 ವರ್ಷಗಳ ನಂತರವೂ ಎರಡೂ ವಿಧಾನಗಳ ಫಲಿತಾಂಶದಲ್ಲಿ ಗಣನೀಯ ಅಂತರವನ್ನು ಕಾಣಲಿಲ್ಲ.

ಅಧಿಕ ವೆಚ್ಚ, ವೈದ್ಯರ ಕಲಿಕೆಯ ಹಂತದಲ್ಲಿ ತಗಲುವ ಹೆಚ್ಚಿನ ಸಮಯ, ಸ್ಕ್ಯಾನ್‌ನ ವಿಕಿರಣ, ಪಿನ್ ಚುಚ್ಚಿದಲ್ಲಿ ಅಪರೂಪಕ್ಕೆ ಉಂಟಾಗುವ ಮೂಳೆ ಮುರಿತ ಅಥವಾ ಸೋಂಕು ಇದರ ಮಿತಿಗಳು. ರಕ್ತ ಹೆಪ್ಪುಗಟ್ಟುವಿಕೆಯಂತಹ ಸಾಮಾನ್ಯ ಅಪಾಯಗಳು ಇಲ್ಲಿಯೂ ಇರುತ್ತವೆ.

ಭಾರತದಲ್ಲಿ

ಬೆಂಗಳೂರು ಸೇರಿದಂತೆ ಭಾರತದ ಪ್ರಮುಖ ನಗರಗಳ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಕೃತಕ ಮಂಡಿಯ ಬಿಡಿಭಾಗಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. ಆ ಆದೇಶವು ಬಿಡಿಭಾಗಗಳಿಗೆ ಸಂಬಂಧಿಸಿದ್ದೇ ಹೊರತು ಶಸ್ತ್ರಚಿಕಿತ್ಸೆಯ ಶುಲ್ಕಕ್ಕಲ್ಲ.